ಕನ್ನಡ ತರಗತಿಯಲ್ಲಿ ವಾರಕ್ಕೊಂದು ಪೀರಿಯಡ್ ಶಿಕ್ಷಕರ ಆಯ್ಕೆಯ ಓದಿಗೆ ಬಿಡಿ: ಶಾಲಾ ಶಿಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಡಿ.ಎಸ್.ಇ.ಆರ್.ಟಿ. (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ನಿರ್ದೇಶಕರಿಗೆ ಹಾಗೂ ಕರ್ನಾಟಕ ಪಠ್ಯಪುಸ್ತಕ ಸಂಘದವರಿಗೆ,

ನಮಸ್ಕಾರಗಳು.

ನಾವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆ ಕನ್ನಡ ಕಲಿಸುವವರು. ನಮ್ಮ ಕೋರಿಕೆ ಇಷ್ಟು: 8, 9 ಮತ್ತು 10ನೇ ತರಗತಿಯ ಕನ್ನಡ ಪೀರಿಯಡ್‌ಗಳಲ್ಲಿ ವಾರಕ್ಕೊಂದನ್ನು, ಆಂತರಿಕ ಅಂಕಗಳಲ್ಲಿ ಅದಕ್ಕೆ ತಕ್ಕ ಪಾಲನ್ನು, ಗ್ರಂಥಾಲಯ ಅನುದಾನದಲ್ಲಿ ಒಂದು ಭಾಗವನ್ನು ಆ ತರಗತಿಯ ಶಿಕ್ಷಕರೇ ಆರಿಸಿದ ಓದಿಗೆ ಬಿಟ್ಟುಕೊಡುವ ಲಿಖಿತ ಆದೇಶ ಹೊರಡಿಸಿ. ಉಳಿದ ಪೀರಿಯಡ್‌ಗಳಲ್ಲಿ ರಾಜ್ಯದ ಪಠ್ಯಪುಸ್ತಕ ಈಗಿರುವಂತೆಯೇ ನಡೆಯಲಿ. ಪಠ್ಯಪುಸ್ತಕವೇ ಬೇಡ ಎಂದು ನಾವು ಹೇಳುತ್ತಿಲ್ಲ. ಬೀದರಿನ ಮಗುವೂ ಚಾಮರಾಜನಗರದ ಮಗುವೂ ಪಂಪನ ನಾಲ್ಕು ಪದ್ಯ, ಬಸವಣ್ಣನ ನಾಲ್ಕು ವಚನ, ಕುವೆಂಪು ಅವರ ಒಂದು ಕವಿತೆ ಓದಿ ಶಾಲೆ ಮುಗಿಸಬೇಕು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಕನ್ನಡದ ಓದೆಲ್ಲ ಆ ಒಂದು ಪುಸ್ತಕದಲ್ಲೇ ಶುರುವಾಗಿ ಅಲ್ಲೇ ಮುಗಿಯುವುದನ್ನು ನಾವು ಒಪ್ಪುವುದಿಲ್ಲ.

ಈಗಿನ ವ್ಯವಸ್ಥೆಯನ್ನೇ ನೋಡಿ. ಹತ್ತನೇ ತರಗತಿಯ ಪುಸ್ತಕದಲ್ಲಿ ಗದ್ಯ, ಪದ್ಯಗಳ ಜತೆಗೆ ‘ಪಠ್ಯಪೂರಕ ಅಧ್ಯಯನ’ ಎಂಬ ಭಾಗವೊಂದಿದೆ. ಪೂರಕ ಎಂದಮೇಲೆ ಅಲ್ಲಾದರೂ ಆಯ್ಕೆ ಇರಬೇಕಿತ್ತು. ಅಲ್ಲಿಯೂ ಇಡೀ ರಾಜ್ಯಕ್ಕೆ ಅದೇ ಪಾಠಗಳು, ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಅವಕ್ಕೂ ಅಂಕ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ ಒಟ್ಟು 125 ಅಂಕ: 100 ಲಿಖಿತ, 25 ಆಂತರಿಕ. ಲಿಖಿತ ಪರೀಕ್ಷೆಯಲ್ಲಿ ಸಂದರ್ಭ ಸಹಿತ ವಿವರಣೆ, ಕವಿ ಪರಿಚಯ, ಕಂಠಪಾಠ ಪದ್ಯ ಎಲ್ಲವೂ ಅದೇ ಪಾಠಗಳಿಂದ ಬರುತ್ತವೆ. ಪಾಠ ನಿಗದಿಯಾದರೆ ಪ್ರಶ್ನೆ ನಿಗದಿ, ಪ್ರಶ್ನೆ ನಿಗದಿಯಾದರೆ ಉತ್ತರವೂ ನಿಗದಿ. ಡಿಸೆಂಬರ್ ಬರುವ ಹೊತ್ತಿಗೆ ಉತ್ತರಗಳು ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಕಟ್ಟು) ಆಗಿ ಮಕ್ಕಳ ಕೈಯಲ್ಲಿರುತ್ತವೆ. ಪಾಠವನ್ನು ಒಮ್ಮೆಯೂ ಪೂರ್ತಿ ಓದದ ವಿದ್ಯಾರ್ಥಿ ಆ ಪಾಠದ ಪ್ರಶ್ನೆಗೆ ಪೂರ್ಣ ಅಂಕ ಪಡೆಯಬಹುದು. ಅದೇ ವಿದ್ಯಾರ್ಥಿ ಅಪಠಿತ, ಅಂದರೆ ಪಠ್ಯಪುಸ್ತಕದಲ್ಲಿಲ್ಲದ ಗದ್ಯಭಾಗದ ಮುಂದೆ ತಡವರಿಸಿ ನಿಲ್ಲುತ್ತಾನೆ. ಉತ್ತರ ಪತ್ರಿಕೆ ತಿದ್ದುವ ಯಾವ ಕನ್ನಡ ಶಿಕ್ಷಕರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಆಯ್ಕೆಯ ಓದಿನಿಂದ ಈ ಬಾಯಿಪಾಠದ ರೂಢಿ ಸಡಿಲವಾಗುತ್ತದೆ. ನಮ್ಮ ಕೋರಿಕೆಗೆ ಮೊದಲ ಕಾರಣ ಇದು.

ಎರಡನೆಯ ಕಾರಣ ಭಾಷೆ. ಪ್ರಥಮ ಭಾಷೆ ಕನ್ನಡ ಎಂದು ದಾಖಲಾಗುವ ಮಕ್ಕಳೆಲ್ಲರ ಮನೆಮಾತು ಪುಸ್ತಕದ ಕನ್ನಡವಲ್ಲ. ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕೋಲಾರ, ಬಳ್ಳಾರಿ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಕಲಬುರಗಿ, ವಿಜಯಪುರದ ಪಟ್ಟಣಗಳಲ್ಲಿ ದಖನಿ ಉರ್ದು. ಮನೆಮಾತು ಕನ್ನಡವೇ ಆಗಿದ್ದರೂ ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಕೊಳ್ಳೇಗಾಲದ ಕನ್ನಡ ಒಂದೊಂದು ಬಗೆ. ಕಲಬುರಗಿಯ ಒಂಬತ್ತನೇ ತರಗತಿಯ ಹುಡುಗಿ ತನ್ನ ಅವ್ವ ಆಡುವ ಮಾತು ಅಚ್ಚಾಗಿರುವ ಒಂದು ಕತೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರೆ, ತಾನಾಡುವ ಕನ್ನಡವೂ ಬರೆಯುವ ಕನ್ನಡವೇ ಎಂಬುದು ಅವಳಿಗೆ ತಿಳಿಯುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಶಾಲೆಯಲ್ಲಿ ಮಾದಪ್ಪನ ಕಾವ್ಯದ ಒಂದು ಸಾಲನ್ನೂ, ಉಡುಪಿಯ ಶಾಲೆಯಲ್ಲಿ ಯಕ್ಷಗಾನ ಪ್ರಸಂಗದ ಒಂದು ಪದ್ಯವನ್ನೂ, ಬಾಗಲಕೋಟೆ ಸೀಮೆಯಲ್ಲಿ ಪಾರಿಜಾತದ ಒಂದು ಸಂವಾದವನ್ನೂ ಶಿಕ್ಷಕರು ಓದಿಸಲಿಕ್ಕೆ ಬೆಂಗಳೂರಿನಲ್ಲಿ ಸಭೆ ಸೇರಬೇಕಿಲ್ಲ. ರಾಜ್ಯಕ್ಕೆಲ್ಲ ಒಂದೇ ಪುಸ್ತಕ ಮಾಡುವ ಯಾವ ಸಮಿತಿಗೂ, ಅದರಲ್ಲಿ ಎಷ್ಟೇ ದೊಡ್ಡ ವಿದ್ವಾಂಸರಿದ್ದರೂ, ಇಷ್ಟು ಕನ್ನಡಗಳನ್ನು ಇಪ್ಪತ್ತು ಪಾಠದಲ್ಲಿ ಹಿಡಿಸಲು ಆಗದು.

ಮೂರನೆಯದನ್ನು ಚಿಕ್ಕದಾಗಿ ಹೇಳುತ್ತೇವೆ, ನಿಮಗೆ ತಿಳಿಯದ್ದಲ್ಲ. 2017ರಲ್ಲಿ ಬರಗೂರು ರಾಮಚಂದ್ರಪ್ಪ ಅವರ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಪುಸ್ತಕಗಳು ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥ ಅವರ ಅಧ್ಯಕ್ಷತೆಯ ಸಮಿತಿ ಅವನ್ನು ಮತ್ತೆ ಬದಲಿಸಿತು. ದೇವನೂರ ಮಹಾದೇವ ಸೇರಿದಂತೆ ಹಲವು ಲೇಖಕರು ತಮ್ಮ ಬರಹ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂಪಡೆದರು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಮತ್ತೆ ಕೆಲವು ಪಾಠ ತೆಗೆದು ಕೆಲವು ಸೇರಿಸಿತು. ಅಷ್ಟರಲ್ಲಿ ಶಾಲೆ ಆರಂಭವಾಗಿತ್ತು. ಯಾರು ಸರಿ, ಯಾರು ತಪ್ಪು ಎಂಬ ಚರ್ಚೆಗೆ ಈ ಪತ್ರದಲ್ಲಿ ಹೋಗುವುದಿಲ್ಲ. ಮಕ್ಕಳು ಓದುವುದೆಲ್ಲ ಒಂದೇ ಪುಸ್ತಕದಲ್ಲಿ ಇರುವವರೆಗೆ ಆ ಪುಸ್ತಕವನ್ನು ಹಿಡಿದುಕೊಳ್ಳುವ ಜಗಳ ನಿಲ್ಲುವುದಿಲ್ಲ. ಓದಿನ ಒಂದು ಪಾಲು ಸಾವಿರಾರು ತರಗತಿಗಳಲ್ಲಿ ಹಂಚಿಹೋದರೆ ಪಠ್ಯಪುಸ್ತಕದ ಮೇಲಿನ ಆ ಭಾರವೂ ತುಸು ಇಳಿಯುತ್ತದೆ.

ಹಾಗೆ ನೋಡಿದರೆ ನಾವು ಕೇಳುತ್ತಿರುವುದು ಹೊಸತಲ್ಲ. 1964–66ರ ಕೊಠಾರಿ ಆಯೋಗವೇ ಪ್ರತಿ ತರಗತಿಯ ಪ್ರತಿ ವಿಷಯಕ್ಕೆ ಮೂರು ನಾಲ್ಕು ಪುಸ್ತಕಗಳಿರಲಿ, ಶಾಲೆಗೆ ಒಗ್ಗುವುದನ್ನು ಶಿಕ್ಷಕರು ಆರಿಸಿಕೊಳ್ಳಲಿ ಎಂದಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಒಂದೇ ಪಠ್ಯಪುಸ್ತಕದ ಹಿಡಿತ ಸಡಿಲಿಸಿ, ಹಲವು ಪುಸ್ತಕಗಳಿಗೆ, ಶಿಕ್ಷಕರ ಸ್ವಾಯತ್ತತೆಗೆ ದಾರಿ ಮಾಡಲು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ ನಿಗದಿತ ಅವಧಿಯಲ್ಲಿ ಪಠ್ಯಕ್ರಮ ಮುಗಿಸಬೇಕೆಂದು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ; ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಷ್ಟು ಹೆಚ್ಚುವರಿ ಬೋಧನೆ ಸೇರಿಸಬೇಕೆಂದೂ ಹೇಳುತ್ತದೆ. ಅದೇ ಕಾಯ್ದೆಯ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲಿ ಪತ್ರಿಕೆ, ನಿಯತಕಾಲಿಕ, ಕತೆ ಪುಸ್ತಕಗಳಿರುವ ಗ್ರಂಥಾಲಯ ಇರಲೇಬೇಕು. ಈ ಕಾಯ್ದೆ ಎಂಟನೇ ತರಗತಿವರೆಗಿನದು ನಿಜ. ಅಲ್ಲಿಗೆ ಸಲ್ಲುವ ಮಾತು ಒಂಬತ್ತು, ಹತ್ತಕ್ಕೂ ಸಲ್ಲುತ್ತದೆ.

ದೊಡ್ಡ ಸಾರ್ವಜನಿಕ ಪರೀಕ್ಷೆ ಇರುವಲ್ಲಿ ಆಯ್ಕೆ ಸಾಧ್ಯವಿಲ್ಲ ಎನ್ನುವವರು ನಮ್ಮ ಎಸ್ಸೆಸ್ಸೆಲ್ಸಿಯಂಥದ್ದೇ ಆದ ಇಂಗ್ಲೆಂಡಿನ ಜಿ.ಸಿ.ಎಸ್.ಇ.ಯ ಇಂಗ್ಲಿಷ್ ಸಾಹಿತ್ಯ ಪರೀಕ್ಷೆಯನ್ನು ಗಮನಿಸಬಹುದು. 2015ರಿಂದ ಕಲಿಸುತ್ತಿರುವ ಆ ಪಠ್ಯಕ್ರಮದಲ್ಲಿ ಸರ್ಕಾರ ವರ್ಗಗಳನ್ನು ಕಡ್ಡಾಯ ಮಾಡಿದೆ: ಶೇಕ್ಸ್‌ಪಿಯರನ ಒಂದು ನಾಟಕ, 19ನೇ ಶತಮಾನದ ಒಂದು ಕಾದಂಬರಿ, 1789ರಿಂದೀಚಿನ ಕವಿತೆಗಳು, 1914ರ ನಂತರದ ಬ್ರಿಟಿಷ್ ಕಥಾಸಾಹಿತ್ಯ ಅಥವಾ ನಾಟಕ. ಪ್ರತಿ ವರ್ಗಕ್ಕೂ ಪರೀಕ್ಷಾ ಮಂಡಳಿಗಳು ಕೆಲವು ಕೃತಿಗಳ ಪಟ್ಟಿ ಕೊಡುತ್ತವೆ, ಶಾಲೆ ಅದರಲ್ಲಿ ಆರಿಸಿಕೊಳ್ಳುತ್ತದೆ, ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಕೃತಿಗೂ ಬೇರೆ ಪ್ರಶ್ನೆ ಇರುತ್ತದೆ. ಅಲ್ಲಿಯೂ ಪಟ್ಟಿಯ ಬಗ್ಗೆ ತಕರಾರಿದೆ. ಆದರೂ ಏನು ಓದಿಸಬೇಕೆಂಬ ಚೌಕಟ್ಟು ರಾಜ್ಯದ್ದು, ಯಾವ ಕೃತಿ ಎಂಬ ಆಯ್ಕೆ ಶಾಲೆಯದ್ದು ಎಂಬ ಹಂಚಿಕೆ ನಡೆಯುತ್ತಿದೆ.

ಇನ್ನು ಇದು ನಮ್ಮಲ್ಲಿ ಹೇಗೆ ನಡೆಯಬೇಕು ಎಂಬ ಮಾತಿಗೆ ಬರುತ್ತೇವೆ. ಆದೇಶ ಎಷ್ಟೇ ಚೆನ್ನಾಗಿದ್ದರೂ ಸಮಯ, ಪುಸ್ತಕ, ಅಂಕ, ದೂರು ಈ ನಾಲ್ಕರಲ್ಲಿ ಒಂದನ್ನು ಮರೆತರೆ ಜುಲೈ ಮುಗಿಯುವುದರೊಳಗೆ ಅದು ಕಡತ ಸೇರುತ್ತದೆ.

ಮೊದಲು ಸಮಯದ ಲೆಕ್ಕ. ಸುಮಾರು 36 ವಾರದ ವರ್ಷದಲ್ಲಿ ಪರೀಕ್ಷೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಚುನಾವಣೆ ಕೆಲಸ ಎಲ್ಲ ಕಳೆದರೆ ವಾರಕ್ಕೊಂದರಂತೆ 30 ಪೀರಿಯಡ್ ಖಂಡಿತ ಸಿಗುತ್ತವೆ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಗಟ್ಟಿ ಓದಿಗೆ 25 ನಿಮಿಷ, ಮಾತುಕತೆಗೆ ಉಳಿದ 15 ನಿಮಿಷ ಇಟ್ಟುಕೊಳ್ಳಿ. ಮಕ್ಕಳಿಗಾಗಿ ತಡೆದು, ಅರ್ಥವಾಗುವಂತೆ ಓದುವಾಗ ನಿಮಿಷಕ್ಕೆ 90 ಪದಗಳ ಆಸುಪಾಸು ಸಾಗುತ್ತದೆ. ಸಾಮಾನ್ಯ ಅಳತೆಯ ಪುಸ್ತಕದ ಒಂದು ಪುಟಕ್ಕೆ ಎರಡೂವರೆ ನಿಮಿಷ. ಅಂದರೆ ಒಂದು ಪೀರಿಯಡ್‌ಗೆ ಹತ್ತು ಪುಟ. ನೂರು ಪುಟದ ಕಿರುಕಾದಂಬರಿಯನ್ನು ಅರ್ಧ ತರಗತಿಯಲ್ಲಿ, ಅರ್ಧ ಮನೆಯಲ್ಲಿ ಓದಿದರೆ ಐದು ಪೀರಿಯಡ್ ಸಾಕು. ಎರಡು ಕಿರುಕಾದಂಬರಿಗೆ ಹತ್ತು, ಒಂದೊಂದಕ್ಕೆ ಎರಡು ಪೀರಿಯಡ್ ಬೇಡುವ ಏಳು ಸಣ್ಣ ಕತೆಗಳಿಗೆ ಹದಿನಾಲ್ಕು, ಕವಿತೆ ಮತ್ತು ಪ್ರಬಂಧಗಳಿಗೆ ಆರು. ಇದೇ 30. ಮೂರು ವರ್ಷ ಹೀಗೆ ನಡೆದರೆ ಒಬ್ಬ ವಿದ್ಯಾರ್ಥಿ ಆರು ಕಿರುಕಾದಂಬರಿ, ಇಪ್ಪತ್ತೊಂದು ಕತೆ ಓದಿ ಹತ್ತನೇ ತರಗತಿ ಮುಗಿಸುತ್ತಾನೆ. ಇಷ್ಟಕ್ಕೆ ಪಠ್ಯಪುಸ್ತಕದಿಂದ ಎರಡು ಮೂರು ಪಾಠ ಕಡಿಮೆ ಮಾಡಬೇಕಾಗುತ್ತದೆ. ಅದನ್ನು ಪಠ್ಯಪೂರಕ ಭಾಗದಲ್ಲಿ ಮಾಡಿ. ಏನನ್ನೂ ಕಡಿಮೆ ಮಾಡದೆ ಇದನ್ನೂ ಸೇರಿಸಿದರೆ ಆ ಪೀರಿಯಡ್ ಸಿಲೆಬಸ್ ಮುಗಿಸುವ ಪೀರಿಯಡ್ ಆಗುವುದು ನಿಶ್ಚಿತ.

ಆಯ್ಕೆಯ ಕೆಲಸ ಜೂನ್‌ನಲ್ಲಿ ಶುರುವಾಗಬೇಕು. ಸೇತುಬಂಧದ (ವರ್ಷದ ಆರಂಭದಲ್ಲಿ ಹಿಂದಿನ ಕಲಿಕೆಯನ್ನು ನೆನಪಿಸುವ ತರಗತಿಗಳ) ಸಮಯದಲ್ಲಿ ಮಕ್ಕಳ ಓದಿನ ಮಟ್ಟವನ್ನು ಹೇಗೂ ಪರೀಕ್ಷಿಸುತ್ತೇವೆ. ಅದನ್ನೇ ಆಧಾರ ಮಾಡಿಕೊಳ್ಳಬಹುದು. ಶಿಕ್ಷಕರು ಪುಸ್ತಕವನ್ನು ಮೊದಲು ತಾವೇ ಪೂರ್ತಿ ಓದಬೇಕು. ಬೆನ್ನುಡಿ ನೋಡಿ ಆರಿಸಿದ ಪುಸ್ತಕವೇ ನಡುವಿನಲ್ಲಿ ಕೈಕೊಡುವುದು. ಆಮೇಲೆ ಮೂರು ಪುಟವನ್ನು ಗಟ್ಟಿಯಾಗಿ ಓದಿ ನೋಡಬೇಕು: ಕಣ್ಣಿಗೆ ಸಲೀಸಾದ ಉದ್ದ ವಾಕ್ಯ ಕಿವಿಗೆ ತೊಡಕಾಗುವುದುಂಟು. ಬಳಿಕ ಬೇರೆಬೇರೆ ಮಟ್ಟದ ಐದು ಮಕ್ಕಳಿಂದ ಒಂದೊಂದು ಪುಟ ಓದಿಸಿ, ನೂರು ಪದಕ್ಕೆ ಎಷ್ಟು ಪದದಲ್ಲಿ ಅರ್ಥವಾಗದೆ ನಿಲ್ಲುತ್ತಾರೆ ಎಂದು ಗುರುತು ಹಾಕಿಕೊಳ್ಳಬೇಕು. ಐದರೊಳಗಿದ್ದರೆ ಆ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದು. ಐದರಿಂದ ಹತ್ತರ ನಡುವೆ ಇದ್ದರೆ ಶಿಕ್ಷಕರೇ ಓದಿ ಹೇಳಬೇಕಾದ ಪುಸ್ತಕ. ಹತ್ತು ದಾಟಿದರೆ ಈ ವರ್ಷಕ್ಕೆ ಬೇಡ. ಎಲ್ಲಿ ನಿಂತರು ಎಂಬುದೂ ಮುಖ್ಯ. ‘ಸ್ತ್ರ’, ‘ಕ್ಷ್ಮ’ದಂಥ ಒತ್ತಕ್ಷರದಲ್ಲಿ ನಾಲಿಗೆ ಎಡವಿದ್ದಾದರೆ ಅಭ್ಯಾಸದಿಂದ ಸರಿಹೋಗುತ್ತದೆ. ಓದಿದ ಪದದ ಅರ್ಥವೇ ತಿಳಿಯದೆ ನಿಂತರೆ ಪುಸ್ತಕ ಆ ತರಗತಿಯಿಂದ ದೂರವಿದೆ ಎಂದರ್ಥ. ಹಳಗನ್ನಡಕ್ಕೆ ಈ ಅಳತೆ ಹೊಂದುವುದಿಲ್ಲ. ಅದನ್ನು ಯಾವಾಗಲೂ ಶಿಕ್ಷಕರ ಜತೆಗೇ ಓದಬೇಕು. ಅಕ್ಷರದ ಗಾತ್ರವನ್ನೂ ನೋಡಬೇಕು. ಒಳ್ಳೊಳ್ಳೆಯ ಪುಸ್ತಕಗಳ ಎಷ್ಟೋ ಮರುಮುದ್ರಣಗಳಲ್ಲಿ ಅಕ್ಷರ ಇಕ್ಕಟ್ಟು, ಸಾಲುಗಳ ನಡುವೆ ಜಾಗವಿಲ್ಲ. ತಡವರಿಸಿ ಓದುವ ಮಗು ಅಂಥ ಪುಟದಲ್ಲಿ ಸಾಲು ತಪ್ಪುತ್ತದೆ, ಎರಡು ಸಲ ತಪ್ಪಿದರೆ ಪುಸ್ತಕ ಮುಚ್ಚುತ್ತದೆ.

ಶಿಕ್ಷಕರಿಗೆ ಆಯ್ಕೆ ಕೊಟ್ಟರೆ ಎಡವಟ್ಟುಗಳು ಆಗುವುದಿಲ್ಲ ಎಂದು ನಾವು ಹೇಳುವುದಿಲ್ಲ. ತಾವು ಚಿಕ್ಕಂದಿನಲ್ಲಿ ಮೆಚ್ಚಿದ್ದನ್ನೇ ಓದಿಸುವುದು, ನೀತಿಕತೆಗಳಲ್ಲೇ ನಿಂತುಬಿಡುವುದು, ತಮ್ಮ ಸೀಮೆಯ, ತಮ್ಮ ಬಳಗದ, ತಮ್ಮ ಒಲವಿನ ಲೇಖಕರನ್ನು ಬಿಟ್ಟು ಆಚೆ ಹೋಗದಿರುವುದು — ಇವೆಲ್ಲ ಆಗುತ್ತವೆ. ಹಾಗಾಗಿ ಆದೇಶದಲ್ಲೇ ಒಂದು ಚೌಕಟ್ಟು ಇರಲಿ. ವರ್ಷದ ಓದಿನಲ್ಲಿ ಕನಿಷ್ಠ ಒಬ್ಬ ಲೇಖಕಿಯ ಕೃತಿ, 20ನೇ ಶತಮಾನಕ್ಕಿಂತ ಹಿಂದಿನ ಅಥವಾ ಜನಪದದ ಒಂದು ರಚನೆ, ತಮ್ಮ ಜಿಲ್ಲೆಯದೊಂದು, ರಾಜ್ಯದ ಇನ್ನೊಂದು ಮೂಲೆಯದೊಂದು, ಬೇರೊಂದು ಭಾರತೀಯ ಭಾಷೆಯಿಂದ ಕನ್ನಡಕ್ಕೆ ಬಂದದ್ದೊಂದು, ಕಥೆಯಲ್ಲದ ಗದ್ಯ — ವಿಜ್ಞಾನ, ಪ್ರವಾಸ, ಜೀವನಚರಿತ್ರೆ — ಒಂದು. ಒಂದೇ ಕೃತಿ ಎರಡು ಮೂರು ವರ್ಗಕ್ಕೆ ಸಲ್ಲಬಹುದು. ಶಿಕ್ಷಕರು ಒಂದು ಪುಟದ ಟಿಪ್ಪಣಿ ಬರೆಯಲಿ: ಯಾವ ಕೃತಿ, ಎಷ್ಟು ಪುಟ, ಈ ತರಗತಿಗೆ ಏಕೆ, ಯಾವ ವಾರಗಳಲ್ಲಿ. ಅದನ್ನು ತಾಲ್ಲೂಕಿನ ಭಾಷಾ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಓದಿ ಹೇಳಲಿ. ಸಹೋದ್ಯೋಗಿಗಳು ಪ್ರಶ್ನೆ ಕೇಳಲಿ. ಅನುಮೋದನೆಗೆಂದು ಮೇಲಿನ ಕಚೇರಿಗೆ ಕಳಿಸುವ ಪದ್ಧತಿ ಮಾತ್ರ ಬೇಡ. ಕಡತ ಮೇಲಕ್ಕೆ ಹೋದರೆ ಕೆಳಕ್ಕೆ ಬರುವ ಹೊತ್ತಿಗೆ ದಸರಾ ರಜೆ ಬಂದಿರುತ್ತದೆ, ಜತೆಗೆ ಯಾರಿಗೂ ಬೇಸರವಾಗದ ನಾಲ್ಕು ಪುಸ್ತಕಗಳೇ ರಾಜ್ಯದ ಉದ್ದಗಲಕ್ಕೂ ಉಳಿಯುತ್ತವೆ. ಟಿಪ್ಪಣಿಯ ಒಂದು ಪ್ರತಿ ಮುಖ್ಯಶಿಕ್ಷಕರಲ್ಲಿ, ಒಂದು ಪ್ರತಿ ವಿಷಯ ಪರಿವೀಕ್ಷಕರಲ್ಲಿ ಇದ್ದರೆ ಸಾಕು.

ಹೆಚ್ಚು ಓದುವ ರೂಢಿ ಇಲ್ಲದ ಶಿಕ್ಷಕರೂ ಇದ್ದಾರೆ, ವರ್ಷದ ನಡುವೆ ಬರುವ ಅತಿಥಿ ಶಿಕ್ಷಕರೂ ಇದ್ದಾರೆ. ಇಲಾಖೆಯ ಪಟ್ಟಿ ನಿಜವಾಗಿ ಉಪಯೋಗಕ್ಕೆ ಬರುವುದು ಇವರಿಗೆ. ಡಿ.ಎಸ್.ಇ.ಆರ್.ಟಿ. ಇನ್ನೂರು ಕೃತಿಗಳ ಒಂದು ಸಲಹಾ ಪಟ್ಟಿ ಮಾಡಲಿ. ಹೆಸರು, ಲೇಖಕರು, ಬೆಲೆ ಮಾತ್ರ ಇದ್ದರೆ ಅದು ಖರೀದಿ ಪಟ್ಟಿಯಾಗುತ್ತದೆ. ಪ್ರತಿ ಕೃತಿಯ ಎದುರು ಪುಟಸಂಖ್ಯೆ, ಯಾವ ತರಗತಿಗೆ, ಯಾವ ಸೀಮೆಯ ಕನ್ನಡ, ಕಷ್ಟದ ಜಾಗಗಳು ಯಾವುವು, ಸಾವು, ಹಿಂಸೆ, ಜಾತಿ ನಿಂದನೆಯಂಥ ಪ್ರಸಂಗಗಳಿದ್ದರೆ ತರಗತಿಯಲ್ಲಿ ಅವನ್ನು ಹೇಗೆ ಎತ್ತಿಕೊಳ್ಳಬೇಕು ಎಂಬ ಐದಾರು ಸಾಲು ಬೇಕು. ‘ಇದರಲ್ಲಿಲ್ಲದ್ದನ್ನೂ ಆರಿಸಬಹುದು’ ಎಂಬ ವಾಕ್ಯ ಪಟ್ಟಿಯ ಮೊದಲ ಪುಟದಲ್ಲೇ ಅಚ್ಚಾಗಬೇಕು. ಈ ವಾಕ್ಯ ಇಲ್ಲದಿದ್ದರೆ ಸಲಹೆ ಎಂದು ಹೊರಟದ್ದು ಶಾಲೆ ತಲುಪುವಷ್ಟರಲ್ಲಿ ಕಡ್ಡಾಯವಾಗಿರುತ್ತದೆ.

ಪುಸ್ತಕ ಎಲ್ಲಿಂದ ಬರಬೇಕು? ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಅವುಗಳ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಖರೀದಿ ಮೇಲಿನ ಕಚೇರಿಯ ಪಟ್ಟಿಯಿಂದಲೇ ಆಗುವಾಗ ಒಂದೊಂದು ಶೀರ್ಷಿಕೆಯ ಒಂದೊಂದೇ ಪ್ರತಿ ಬರುತ್ತದೆ. ನಲವತ್ತು ಮಕ್ಕಳ ತರಗತಿಗೆ ಒಂದು ಪ್ರತಿ ಇಟ್ಟುಕೊಂಡು ಪಾಠ ಮಾಡಲಾಗದು. ನಮ್ಮ ಸಲಹೆ ಹೀಗಿದೆ. ಅಕ್ಕಪಕ್ಕದ ಆರು ಪ್ರೌಢಶಾಲೆಗಳು ಸೇರಿಕೊಂಡು ಆರು ಶೀರ್ಷಿಕೆ ಆರಿಸಲಿ, ಶಾಲೆಗೊಂದರಂತೆ. ಒಂದೊಂದರ 20 ಪ್ರತಿ, ಇಬ್ಬರು ಮಕ್ಕಳಿಗೆ ಒಂದು. ಪ್ರತಿಗೆ ಸರಾಸರಿ 100 ರೂಪಾಯಿ ಹಿಡಿದರೆ 120 ಪ್ರತಿಗೆ 12,000 ರೂಪಾಯಿ, ಶಾಲೆಯೊಂದಕ್ಕೆ 2,000. ಪ್ರತಿ ಕಟ್ಟು ಒಂದು ಶಾಲೆಯಲ್ಲಿ ಆರು ವಾರ ಇದ್ದು ಮುಂದಿನ ಶಾಲೆಗೆ ಹೋಗಲಿ. ವರ್ಷದ 36 ವಾರದಲ್ಲಿ ಆರೂ ಶಾಲೆ ಸುತ್ತುತ್ತದೆ. ಆರು ವಾರದಲ್ಲಿ ಒಂದು ವಾರ ಪರೀಕ್ಷೆಗೋ ರಜೆಗೋ ಹೋದರೂ ಐದು ಪೀರಿಯಡ್ ಉಳಿಯುತ್ತದೆ, ನೂರು ಪುಟಕ್ಕೆ ಅದು ಸಾಕು. ಯಾವ ಶಾಲೆಯೂ ಆರನ್ನೂ ಓದಲೇಬೇಕೆಂದಿಲ್ಲ. ಎರಡು ಕಟ್ಟು ತೆಗೆದುಕೊಂಡು ಉಳಿದ ವಾರಗಳಲ್ಲಿ ಬಿಡಿ ಕತೆ, ಕವಿತೆಗಳನ್ನು ಓದಿಸಬಹುದು.

ಬಿಡಿ ಕತೆಗಳಿಗೆ ಜೆರಾಕ್ಸ್ ಸಾಕು. ಹನ್ನೆರಡು ಪುಟದ ಕತೆಯ 20 ಪ್ರತಿ ಎಂದರೆ 240 ಪುಟ, ಪುಟಕ್ಕೆ ಎರಡು ರೂಪಾಯಿಯಂತೆ 480 ರೂಪಾಯಿ. ಬೋಧನೆಯ ಭಾಗವಾಗಿ ಶಿಕ್ಷಕರು ಹೀಗೆ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇಡೀ ಪುಸ್ತಕವನ್ನೇ ಜೆರಾಕ್ಸ್ ಮಾಡಿಸುವುದು ಮಾತ್ರ ಬೇಡ, ಲೇಖಕರ ಹೊಟ್ಟೆಯ ಮೇಲೆ ಹೊಡೆಯುವುದು ಕನ್ನಡ ಕಲಿಸುವವರ ಕೆಲಸವಲ್ಲ. ಈ ಜೆರಾಕ್ಸ್ ಖರ್ಚನ್ನು ಅನುದಾನದಲ್ಲಿ ತೋರಿಸಬಹುದೆಂದು ಆದೇಶದಲ್ಲಿ ಬರೆಯಿರಿ. ಬರೆಯದಿದ್ದರೆ ಬಳಕೆ ಪ್ರಮಾಣಪತ್ರ ಕೊಡುವಾಗ ಆಕ್ಷೇಪಣೆ ಬರುತ್ತದೆ, ಮುಖ್ಯಶಿಕ್ಷಕರು ಮರುವರ್ಷ ಒಪ್ಪುವುದಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ, ನ್ಯಾಷನಲ್ ಬುಕ್ ಟ್ರಸ್ಟ್, ಸಾಹಿತ್ಯ ಅಕಾಡೆಮಿಗಳಿಂದ ಶಾಲೆಯೇ ನೇರವಾಗಿ ತರಿಸಿಕೊಳ್ಳಲು ಅನುಮತಿ ಇರಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಶಾಲೆಯ ಆಯ್ಕೆಯ ಟಿಪ್ಪಣಿಯನ್ನು ಆ ಗ್ರಂಥಾಲಯದ ಮೇಲ್ವಿಚಾರಕರಿಗೂ ಕೊಟ್ಟರೆ ಒಂದೆರಡು ಪ್ರತಿ ಅಲ್ಲಿಯೂ ಸಿಗುವಂತೆ ನೋಡಿಕೊಳ್ಳಬಹುದು.

ಪುಸ್ತಕ ಬಂದ ಮೇಲೂ ಬೀರುವಿನಿಂದ ಹೊರಗೆ ಬರುವುದಿಲ್ಲ. ಇದಕ್ಕೆ ಕಾರಣ ಸೋಮಾರಿತನವಲ್ಲ, ದಾಸ್ತಾನು ವಹಿ. ಅದರಲ್ಲಿ ದಾಖಲಾದ ಪುಸ್ತಕ ಕಳೆದರೆ, ಹರಿದರೆ ವರ್ಗಾವಣೆ ಅಥವಾ ನಿವೃತ್ತಿಯ ಸಮಯದಲ್ಲಿ ಪ್ರಭಾರ ವಹಿಸಿಕೊಡುವವರು ಉತ್ತರ ಹೇಳಬೇಕು. ಬೀಗ ಹಾಕಿದ ಪುಸ್ತಕ ಹರಿಯುವುದಿಲ್ಲ. ವರ್ಷಕ್ಕೆ ಶೇಕಡ 10ರಷ್ಟು ಪುಸ್ತಕಗಳನ್ನು ಬಳಕೆಯಿಂದ ಸವೆದವು ಎಂದು ಮುಖ್ಯಶಿಕ್ಷಕರು ಮತ್ತು ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಹಿ ಹಾಕಿ ವಹಿಯಿಂದ ಕಡಿಮೆ ಮಾಡಲು ಅಧಿಕಾರ ಕೊಡಿ. ಸರ್ಕಾರಕ್ಕೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲದ ಈ ಒಂದು ಸಾಲಿನ ಆದೇಶ, ಈಗಾಗಲೇ ಕೊಂಡಿರುವ ಪುಸ್ತಕಗಳನ್ನೂ ಮಕ್ಕಳ ಕೈಗೆ ತರುತ್ತದೆ. ಉಳಿದದ್ದಕ್ಕೆ ತಡವಾದರೂ ಇದನ್ನು ಈ ತಿಂಗಳೇ ಮಾಡಬಹುದು.

ಅಂಕದ ವಿಷಯ. ಅಂಕವಿಲ್ಲದ ಓದನ್ನು ಹತ್ತನೇ ತರಗತಿಯಲ್ಲಿ ಯಾರೂ ಉಳಿಸುವುದಿಲ್ಲ, ಇದು ಕಹಿ ಸತ್ಯ. ಆದರೆ ಆಯ್ಕೆಯ ಓದನ್ನು ಲಿಖಿತ ಪರೀಕ್ಷೆಗೆ ತಂದರೆ ಮರುವರ್ಷವೇ ಅದಕ್ಕೂ ಗೈಡ್ ಬರುತ್ತದೆ. ಕೃತಿಯನ್ನು ಓದಿರದ ಮೌಲ್ಯಮಾಪಕರು ಉತ್ತರದ ನಿಜ ಸುಳ್ಳನ್ನು ಹೇಗೆ ತೂಗಬೇಕು ಎಂಬ ತೊಡಕೂ ಇದೆ. ಹಾಗಾಗಿ ಮೊದಲ ಎರಡು ವರ್ಷ ಆಂತರಿಕ ಅಂಕಗಳಲ್ಲಿ ಮಾತ್ರ ಇರಲಿ. ವರ್ಷದ ನಡುನಡುವೆ ಶಾಲೆಯಲ್ಲೇ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಪ್ರತಿಯೊಂದರಲ್ಲೂ ಒಂದು ಚಟುವಟಿಕೆ ಈ ಓದಿನದಾಗಲಿ. ಅದಕ್ಕೆ 15 ಅಂಕವೆಂದು ಇಟ್ಟುಕೊಂಡರೆ, ಐದು ಅಂಕ ಕೃತಿಯಲ್ಲಿ ನಡೆದದ್ದನ್ನು ಸರಿಯಾಗಿ ಹೇಳುವುದಕ್ಕೆ, ಐದು ತನ್ನ ಅಭಿಪ್ರಾಯವನ್ನು ಕೃತಿಯ ಸಾಲು ತೋರಿಸಿ ಸಮರ್ಥಿಸುವುದಕ್ಕೆ, ಐದು ಭಾಷೆಗೆ. ಮಕ್ಕಳು ಹದಿನೈದು ದಿನಕ್ಕೊಂದು ಪುಟದ ಓದಿನ ಟಿಪ್ಪಣಿ ಬರೆಯಲಿ. ‘ಕತೆಯ ಸಾರಾಂಶ ಬರೆಯಿರಿ’ ಎಂದು ಕೇಳಿದರೆ ಒಬ್ಬನ ಪುಸ್ತಕದಿಂದ ನಲವತ್ತು ಪುಸ್ತಕಕ್ಕೆ ನಕಲಾಗುತ್ತದೆ. ‘ಅವಳು ಊರು ಬಿಟ್ಟದ್ದು ಸರಿಯೇ? ಬಿಡದಿದ್ದರೆ ಏನಾಗುತ್ತಿತ್ತು? ಯಾವ ಸಾಲು ಓದಿ ನಿನಗೆ ಹಾಗೆ ಅನಿಸಿತು?’ ಎಂದು ಕೇಳಿದರೆ ನಕಲು ಮಾಡುವುದು ಕಷ್ಟ. ಬರೆಯಲು ಹಿಂಜರಿಯುವ ಮಗು ಎರಡು ನಿಮಿಷ ಮಾತಿನಲ್ಲಿ ಹೇಳಬಹುದು, ಶಿಕ್ಷಕರು ಅಂಕವಹಿಯಲ್ಲಿ ಮೂರು ಪದ ಗುರುತು ಹಾಕಿಕೊಂಡರೆ ಸಾಕು. ತನ್ನ ಮನೆಯ ಕನ್ನಡದಲ್ಲಿ ಹೇಳಿದರೆ ಅಂಕ ಕಡಿಯಬಾರದು ಎಂಬುದೂ ಆದೇಶದಲ್ಲಿರಲಿ. ಜತೆಗೆ ಲಿಖಿತ ಪರೀಕ್ಷೆಯ ಅಪಠಿತ ಭಾಗದ ತೂಕವನ್ನು ಸ್ವಲ್ಪ ಹೆಚ್ಚಿಸಿ. ಹೆಚ್ಚು ಓದಿದ ತರಗತಿಗೆ ಅದರ ಫಲ ಅಲ್ಲಿ ತಾನಾಗಿ ಸಿಗುತ್ತದೆ, ಯಾವ ಪುಸ್ತಕ ಓದಿದ್ದರೂ.

ಆಯ್ಕೆಯ ಸ್ವಾತಂತ್ರ್ಯ ಕೊಟ್ಟರೂ ಬಹಳಷ್ಟು ಶಿಕ್ಷಕರು ಅದನ್ನು ಬಳಸಲು ಹಿಂಜರಿಯುತ್ತಾರೆ. ಕಾರಣ ಭಯ. ಒಂದು ಕತೆಯ ಒಂದು ಪುಟದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದರೆ ಸಾಕು, ಹಿಂದಿನ ಮುಂದಿನ ಪುಟ ಯಾರೂ ನೋಡುವುದಿಲ್ಲ. ‘ಸದ್ಯಕ್ಕೆ ನಿಲ್ಲಿಸಿಬಿಡಿ’ ಎಂದು ಮೇಲಿನಿಂದ ಫೋನ್ ಬರುತ್ತದೆ. ಆಮೇಲೆ ಆ ಶಿಕ್ಷಕರು ಮಾತ್ರವಲ್ಲ, ಇಡೀ ತಾಲ್ಲೂಕು ಪಠ್ಯಪುಸ್ತಕದ ಆಚೆ ಕಾಲಿಡುವುದಿಲ್ಲ. ಪೋಷಕರಿಗೆ ಪ್ರಶ್ನಿಸುವ ಹಕ್ಕಿದೆ, ಅದನ್ನು ನಾವು ಗೌರವಿಸುತ್ತೇವೆ. ಅದಕ್ಕೊಂದು ಕ್ರಮ ಬೇಕು. ದೂರು ಲಿಖಿತವಾಗಿರಲಿ, ಆ ತರಗತಿಯ ಮಗುವಿನ ಪೋಷಕರಿಂದಲೇ ಬರಲಿ, ಯಾವ ಪುಟದ ಯಾವ ಭಾಗ ಎಂದು ಹೇಳಲಿ. ಮುಖ್ಯಶಿಕ್ಷಕರು ಮೂವರ ಸಮಿತಿ ಮಾಡಲಿ: ಬೇರೆ ಶಾಲೆಯ ಒಬ್ಬ ಭಾಷಾ ಶಿಕ್ಷಕರು, ಎಸ್.ಡಿ.ಎಂ.ಸಿ.ಯ ಒಬ್ಬ ಪೋಷಕ ಸದಸ್ಯರು, ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಒಬ್ಬರು. ಮೂವರೂ ಕೃತಿಯನ್ನು ಪೂರ್ತಿ ಓದಿ, ಓದಿದ್ದೇವೆ ಎಂದು ಸಹಿ ಹಾಕಿ, 30 ದಿನದೊಳಗೆ ಕಾರಣ ಸಹಿತ ತೀರ್ಮಾನ ಬರೆಯಲಿ. ಅಲ್ಲಿಯವರೆಗೆ ದೂರು ಕೊಟ್ಟವರ ಮಗುವಿಗೆ ಅಷ್ಟೇ ಪುಟದ ಬೇರೆ ಓದು ಕೊಡಲಿ, ಉಳಿದ ತರಗತಿಯ ಓದು ಮುಂದುವರಿಯಲಿ. ತೀರ್ಮಾನ ಆ ಶಾಲೆಗೆ ಮಾತ್ರ ಅನ್ವಯಿಸಲಿ. ಒಂದೂರಿನ ದೂರು ಇಡೀ ರಾಜ್ಯದ ನಿಷೇಧವಾಗಬಾರದು. ಕ್ರಮ ಪಾಲಿಸಿ ಆರಿಸಿದ ಶಿಕ್ಷಕರಿಗೆ ಆ ಆಯ್ಕೆಯ ಕಾರಣಕ್ಕೆ ನೋಟಿಸ್ ಕೊಡುವಂತಿಲ್ಲ, ಬಾಯಿಮಾತಿನ ಸೂಚನೆಗೆ ಬೆಲೆ ಇಲ್ಲ ಎಂಬ ಎರಡು ವಾಕ್ಯಗಳನ್ನು ದಯವಿಟ್ಟು ಸ್ಪಷ್ಟವಾಗಿ ಬರೆಯಿರಿ. ಉಳಿದ ಇಡೀ ಆದೇಶ ಈ ಎರಡು ವಾಕ್ಯಗಳ ಮೇಲೆ ನಿಂತಿರುತ್ತದೆ.

ಒಮ್ಮೆಗೇ ರಾಜ್ಯಕ್ಕೆಲ್ಲ ಬೇಡವೆನಿಸಿದರೆ ಪ್ರತಿ ಶೈಕ್ಷಣಿಕ ಜಿಲ್ಲೆಯಲ್ಲಿ ಆರು ಶಾಲೆಗಳ ಒಂದು ಗುಂಪಿನಿಂದ ಶುರುಮಾಡಿ. ಮುಂದೆ ಬರುವ ಶಿಕ್ಷಕರನ್ನೇ ತೆಗೆದುಕೊಳ್ಳಿ, ನೇಮಿಸಬೇಡಿ. ಜೂನ್‌ನಲ್ಲಿ ಮತ್ತು ಮಾರ್ಚ್‌ನಲ್ಲಿ ಎರಡು ಸಲ ಅದೇ ಮಟ್ಟದ ಅಪಠಿತ ಗದ್ಯಭಾಗ ಕೊಟ್ಟು ಈ ಶಾಲೆಗಳನ್ನೂ, ಅದೇ ತಾಲ್ಲೂಕಿನ ಬೇರೆ ಆರು ಶಾಲೆಗಳನ್ನೂ ಹೋಲಿಸಿ ನೋಡಿ. ಫಲಿತಾಂಶ ಏನೇ ಬಂದರೂ ಪ್ರಕಟಿಸಿ.

ಶಾಲೆಯ ವಾರ್ಷಿಕ ಕ್ರಿಯಾ ಯೋಜನೆ ಜೂನ್ ಮೊದಲ ವಾರದಲ್ಲಿ ಸಿದ್ಧವಾಗುತ್ತದೆ. ಆದೇಶ ಅದಕ್ಕೆ ಮೊದಲೇ, ಮೇ ತಿಂಗಳಲ್ಲಿ ಕೈಸೇರಬೇಕು. ಜುಲೈನಲ್ಲಿ ಬಂದರೆ ವೇಳಾಪಟ್ಟಿ ಆಗಿಹೋಗಿರುತ್ತದೆ, ಮತ್ತೊಂದು ವರ್ಷ ಕಾಯಬೇಕಾಗುತ್ತದೆ. ಆದೇಶದ ಕರಡು ಸಿದ್ಧಪಡಿಸಲು, ಸಲಹಾ ಪಟ್ಟಿಯ ಕೃತಿಗಳನ್ನು ಓದಿ ಟಿಪ್ಪಣಿ ಬರೆಯಲು ನಾವು ಬೇಸಿಗೆ ರಜೆಯಲ್ಲಿ ಕೂರಲು ತಯಾರಿದ್ದೇವೆ. ದಿನಾಂಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಸರ್ಕಾರಿ ಪ್ರೌಢಶಾಲೆಗಳ ಕನ್ನಡ ಭಾಷಾ ಶಿಕ್ಷಕ, ಶಿಕ್ಷಕಿಯರು